ಜೋಯಿಡಾದ ಕೆಸರಿಗೆ ತಕ್ಕ ಕಾಲು

ಪುನರ್ವಸತಿ ಎಂಬ ಮಾತು ಉತ್ತರ ಕನ್ನಡದ ಘಟ್ಟದ ಮೇಲಿನ ಜನಕ್ಕೆ ಹೊಸದಲ್ಲ. ಕಾಳೀ ನದಿಗೆ ಸೂಪಾದಲ್ಲಿ ಅಣೆಕಟ್ಟು ಎದ್ದಾಗ ಹಳೆಯ ಸೂಪಾ ಪೇಟೆ ನೀರಿನಡಿಯಾಯಿತು. ಮನೆಮಾರು ಕಳೆದುಕೊಂಡವರಲ್ಲಿ ಅನೇಕರು ರಾಮನಗರಕ್ಕೆ ಬಂದು ಹೊಸದಾಗಿ ಒಲೆ ಹೂಡಿದರು. ಅದಕ್ಕೂ ಮುನ್ನ, ೧೯೬೬ರಲ್ಲಿ, ಮುಂಡಗೋಡಿನ ಬಳಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಮಾಡಿಕೊಡಲಾಯಿತು. ಲ್ಹಾಸಾದ ಗಾಂದೆನ್, ಡ್ರೆಪುಂಗ್ ಮಠಗಳ ಹೆಸರನ್ನೇ ಹೊತ್ತ ಮಠಗಳು ಇಂದು ಮುಂಡಗೋಡಿನ ಗದ್ದೆಗಳ ನಡುವೆ ನಿಂತಿವೆ. ನೆಲ ತಪ್ಪಿದವರಿಗೆ ಮತ್ತೆ ನೆಲ ಕಾಣಿಸುವುದೇ ಪುನರ್ವಸತಿ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು.

ವೈದ್ಯರ ಬಾಯಲ್ಲಿ ಇದೇ ಮಾತಿಗೆ ಇನ್ನೊಂದು ಅರ್ಥವುಂಟು. ಅಲ್ಲಿ ಒಕ್ಕಲೆದ್ದುದು ಕುಟುಂಬವಲ್ಲ, ದೇಹ. ಲಕ್ವ ಹೊಡೆದು ಬಲಗೈ ಬಿದ್ದುಹೋದವನು, ಮರದಿಂದ ಬಿದ್ದು ಬೆನ್ನುಹುರಿ ಕಳೆದುಕೊಂಡವನು, ಮಧುಮೇಹದ ಹುಣ್ಣಿಗೆ ಕಾಲನ್ನೇ ಒಪ್ಪಿಸಿದವಳು, ಹುಟ್ಟುತ್ತಲೇ ಕಿವಿ ಕೇಳದ ಕೂಸು, ಇವರೆಲ್ಲರ ವಿಷಯದಲ್ಲಿಯೂ ಶಸ್ತ್ರವೈದ್ಯನ ಕೆಲಸ ಒಂದು ದಿನ ಮುಗಿಯುತ್ತದೆ. ಗಾಯ ಮಾಯುತ್ತದೆ, ಹೊಲಿಗೆ ಬಿಚ್ಚುತ್ತಾರೆ, ಆಸ್ಪತ್ರೆಯ ಚೀಟಿ ಕೈಗೆ ಬರುತ್ತದೆ. ರೋಗ ವಾಸಿಯಾಯಿತು, ಬದುಕು ವಾಸಿಯಾಗಿಲ್ಲ. ಅಲ್ಲಿಂದ ಮುಂದಿನದನ್ನು ನೋಡಿಕೊಳ್ಳುವ ವೈದ್ಯಶಾಸ್ತ್ರದ ಶಾಖೆಯೇ ಪುನರ್ವಸತಿ ವೈದ್ಯ. ಅಂಗಸಾಧನೆ ಮಾಡಿಸುವ ಫಿಜಿಯೋಥೆರಪಿಸ್ಟ್, ಮಾತು ಕಲಿಸುವ ವಾಕ್‌ಚಿಕಿತ್ಸಕಿ, ಕೃತಕ ಕೈಕಾಲು ಕೂಡಿಸುವ ಕುಶಲಕರ್ಮಿ, ಇವರೆಲ್ಲ ಈ ಶಾಖೆಯ ಮಂದಿ. ೨೦೧೧ರ ಜನಗಣತಿ ಕರ್ನಾಟಕದಲ್ಲಿ ಸುಮಾರು ೧೩ ಲಕ್ಷ ೨೪ ಸಾವಿರ ಅಂಗವಿಕಲರನ್ನು ಎಣಿಸಿತು. ೨೦೧೬ರ ಕಾಯಿದೆ ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿತು. ೧೯೯೫ರ ಹಳೆಯ ಕಾಯಿದೆಯಲ್ಲಿದ್ದುದು ಏಳೇ.

ಇಷ್ಟು ಜನರ ಸಂಕಟವುಳ್ಳ ಈ ಶಾಖೆಯಲ್ಲಿ ಸಂಶೋಧನೆಗೆ ಹಣ ಹೇಗೆ ಬರುತ್ತದೆ, ಯಾರ ಕೈಗೆ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ಮೇಲ್ನೋಟಕ್ಕೆ ಗುಮಾಸ್ತರ ವಿಷಯದಂತೆ ಕಾಣಬಹುದು. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಂತಹ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಅದು ಗುಮಾಸ್ತರ ವಿಷಯವಾಗಿ ಉಳಿಯುವುದಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ನೆಲ

ದಾಂಡೇಲಿ ಕಾಗದದ ಊರು. ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಸಂಸ್ಥೆ ಹುಟ್ಟಿದ್ದು ೧೯೫೫ರಲ್ಲಿ; ಯಂತ್ರಗಳ ನಡುವೆ ದುಡಿದು ಬಾಳಿದ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ಇವೆ. ಹಳಿಯಾಳ ಕಬ್ಬಿನ ನಾಡು; ಕಬ್ಬು ಕಡಿಯುವ ಕಾಲದಲ್ಲಿ ಮಚ್ಚು, ಟ್ರ್ಯಾಕ್ಟರ್, ಹೇರು ತುಂಬಿದ ಲಾರಿಗಳ ರಾಜ್ಯ. ಮುಂಡಗೋಡದಲ್ಲಿ ಬಯಲೂ ಮಲೆನಾಡೂ ಕೈಕುಲುಕುತ್ತವೆ. ಭತ್ತ, ಗೋವಿನಜೋಳ, ಟಿಬೆಟನ್ ಕ್ಯಾಂಪುಗಳು, ಸಿದ್ದಿಯರ ಹಾಡಿಗಳು. ಇನ್ನು ಜೋಯಿಡಾ! ವಿಸ್ತಾರದಲ್ಲಿ ರಾಜ್ಯದ ದೊಡ್ಡ ತಾಲ್ಲೂಕುಗಳ ಸಾಲಿಗೆ ಸೇರುವ, ಜನಸಂಖ್ಯೆಯಲ್ಲಿ ಅರ್ಧ ಲಕ್ಷದ ಆಸುಪಾಸಿನ ಈ ಸೀಮೆ ಮುಕ್ಕಾಲು ಪಾಲು ಕಾಡೇ. ಕಾಳಿ ಹುಟ್ಟುವುದೂ ಇಲ್ಲಿಯ ಡಿಗ್ಗಿಯ ಬಳಿಯೇ. ಕುಣಬಿಯರ ಗೆಡ್ಡೆಗೆಣಸಿನ ಮೇಳವನ್ನು ನೋಡಲು ಈಗ ಪೇಟೆಯವರೂ ಬರುತ್ತಾರೆ. ಮಳೆಗಾಲದಲ್ಲಿ ಮಾತ್ರ ಬರುವವರು ಕಡಿಮೆ. ಕ್ಯಾಸಲ್ ರಾಕ್ ಮಳೆ ಎಂದರೆ ರೈಲ್ವೆಯವರೂ ಹೆದರುತ್ತಿದ್ದ ಮಳೆ.

ಇಂಥ ನೆಲದಲ್ಲಿ ಕಾಲು ಕಳೆದುಕೊಂಡವನ ಪಾಡೇನು? ಶಸ್ತ್ರಕ್ರಿಯೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಬೆಳಗಾವಿಯಲ್ಲೋ ಕಾರವಾರದಲ್ಲೋ ಆದೀತು. ಕೃತಕ ಕಾಲನ್ನು ಶಿಬಿರವೊಂದರಲ್ಲಿ ಧರ್ಮಾರ್ಥವಾಗಿ ಕೊಟ್ಟಾರು. ಆದರೆ ಆ ಕಾಲನ್ನು ತೊಟ್ಟು ನಡೆಯಬೇಕಾದದ್ದು ಶಿಬಿರದ ಸಿಮೆಂಟು ನೆಲದ ಮೇಲಲ್ಲ. ಹಳ್ಳದ ಸಂಕ ದಾಟಬೇಕು. ಗದ್ದೆಯ ಹಾಳಿಯ ಮೇಲೆ ಜಾರದೆ ನಡೆಯಬೇಕು. ನಾಲ್ಕು ತಿಂಗಳು ಒದ್ದೆಯಾಗಿಯೇ ಇರುವ ತೊಡೆಗೆ ಪ್ಲಾಸ್ಟಿಕ್ ಬಟ್ಟಲು ಉಜ್ಜಿ ಗಾಯವಾಗದಂತೆ ಕಾಯಬೇಕು. ಪಟ್ಟಿ ಹರಿದರೆ ರಿಪೇರಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು, ಒಂದು ದಿನದ ಕೂಲಿ ಬಿಡಬೇಕು. ಮೊದಲ ಮಳೆಗಾಲ ಮುಗಿಯುವುದರೊಳಗೆ ಕಾಲು ಅಟ್ಟ ಸೇರಿ ಊರುಗೋಲು ಕೆಳಗಿಳಿದರೆ ತಪ್ಪು ಯಾರದು? ಕೊಟ್ಟವರ ಲೆಕ್ಕದಲ್ಲಿ ಮಾತ್ರ ಆತ ‘ಫಲಾನುಭವಿ’ಯಾಗಿಯೇ ಉಳಿದಿರುತ್ತಾನೆ.

ಕೊಟ್ಟದ್ದು ಎಷ್ಟು ಎಂಬುದನ್ನು ಎಣಿಸುವುದು ಸುಲಭ. ಕೊಟ್ಟದ್ದು ಉಪಯೋಗಕ್ಕೆ ಬಂದಿತೇ, ಎಲ್ಲಿ ಸೋತಿತು, ಏಕೆ ಸೋತಿತು ಎಂಬುದನ್ನು ತಿಳಿಯಲು ಸಂಶೋಧನೆ ಬೇಕು. ಈ ಸಂಶೋಧನೆಗೆ ಬೇಕಾದುದು ಕೋಟಿಗಟ್ಟಲೆ ಹಣವಲ್ಲ. ನೋಟ್‌ಬುಕ್ಕು, ಬಸ್ಸಿನ ಖರ್ಚು, ತಾಳ್ಮೆ, ಮತ್ತು ಆ ಪ್ರಶ್ನೆಯನ್ನು ತನ್ನದೆಂದು ಭಾವಿಸುವ ಒಬ್ಬ ತರುಣ ಅಥವಾ ತರುಣಿ.

ಟಯರಿನ ರಬ್ಬರು, ಕ್ಷಿಪಣಿಯ ನಾರು

ಕೃತಕ ಕಾಲು ಯಾರ ನೆಲಕ್ಕೆ ಎಂಬ ಪ್ರಶ್ನೆಯನ್ನು ಈ ದೇಶದಲ್ಲಿ ಗಟ್ಟಿಯಾಗಿ ಕೇಳಿದ ಊರು ರಾಜಸ್ಥಾನದ ಜೈಪುರ. ಅಲ್ಲಿಯ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಇದ್ದರು. ಹೆಚ್ಚು ಓದಿದವರಲ್ಲ, ಕೈಯಲ್ಲಿ ಶಿಲ್ಪಿಯ ಪಳಗಿಕೆ ಇತ್ತು. ವಿದೇಶದ ಮಾದರಿಯ ಕೃತಕ ಪಾದಗಳು ಬೂಟು ತೊಟ್ಟು ಸಮನೆಲದ ಮೇಲೆ ನಡೆಯುವವರಿಗಾಗಿ ಮಾಡಿದವು. ಬರಿಗಾಲಲ್ಲಿ ಉಳುವವನಿಗೆ, ಕುಕ್ಕರಗಾಲಲ್ಲಿ ಕೂರುವವನಿಗೆ, ಊಟಕ್ಕೆ ಚಕ್ಕಳಮಕ್ಕಳ ಹಾಕುವವನಿಗೆ ಅವು ಹೊರೆಯೇ. ಟಯರು ದುರಸ್ತಿಯ ಅಂಗಡಿಯಲ್ಲಿ ಕಂಡ ರಬ್ಬರು ಶರ್ಮಾ ಅವರಿಗೆ ದಾರಿ ತೋರಿಸಿತು. ಮೂಳೆರೋಗ ತಜ್ಞ ಡಾ. ಪಿ. ಕೆ. ಸೇಠಿ ಅವರೊಡನೆ ಕೂಡಿ ೧೯೬೮ರ ಸುಮಾರಿಗೆ ರೂಪಿಸಿದ ಆ ರಬ್ಬರಿನ ಪಾದವೇ ‘ಜೈಪುರ ಕಾಲು’ ಎಂದು ಜಗತ್ಪ್ರಸಿದ್ಧವಾಯಿತು. ಸೇಠಿ ಅವರಿಗೆ ೧೯೮೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ದೊಡ್ಡ ಪ್ರಯೋಗಶಾಲೆಯೊಂದರ ದೊಡ್ಡ ಮಂಜೂರಾತಿಯಿಂದ ಈ ಪಾದ ಹುಟ್ಟಲಿಲ್ಲವೆಂಬುದನ್ನು ನೆನಪಿಡಬೇಕು.

ಎರಡನೆಯ ಕಥೆ ಹೈದರಾಬಾದಿನದು. ಓದುಗರಲ್ಲಿ ಅನೇಕರು ಕೇಳಿರಬಹುದು. ಪೋಲಿಯೋದಿಂದ ಕಾಲು ಸೋತ ಮಕ್ಕಳು ಮೂರು ಕಿಲೋ ತೂಕದ ಲೋಹದ ಕ್ಯಾಲಿಪರು ಎಳೆದುಕೊಂಡು ನಡೆಯುತ್ತಿದ್ದುದನ್ನು ಅಲ್ಲಿಯ ವೈದ್ಯರು ಡಾ. ಅಬ್ದುಲ್ ಕಲಾಂ ಅವರಿಗೆ ತೋರಿಸಿದರು. ಅಗ್ನಿ ಕ್ಷಿಪಣಿಗಾಗಿ ಸಿದ್ಧವಾಗಿದ್ದ ಹಗುರವಾದ ನಾರಿನ ವಸ್ತುವಿನಿಂದ ಸುಮಾರು ೩೦೦ ಗ್ರಾಮಿನ ಕ್ಯಾಲಿಪರುಗಳು ತಯಾರಾದವು. ಮಕ್ಕಳು ಓಡಿದುದನ್ನು, ತಂದೆತಾಯಿಗಳು ಕಣ್ಣೀರಿಟ್ಟುದನ್ನು ಕಲಾಂ ಅವರು ಮುಂದೆ ಅನೇಕ ಸಭೆಗಳಲ್ಲಿ ನೆನೆದರು. ಕ್ಷಿಪಣಿಗೆ ಆದ ವೆಚ್ಚದ ಮುಂದೆ ಈ ಕ್ಯಾಲಿಪರಿಗೆ ಆದ ವೆಚ್ಚ ಎಷ್ಟರದು?

ಕರ್ನಾಟಕಕ್ಕೂ ಇಂಥ ಕೆಲಸದಲ್ಲಿ ಪಾಲುಂಟು. ಮೊಣಕಾಲ ಮೇಲಿನಿಂದ ಕಾಲು ಕಳೆದುಕೊಂಡವರಿಗೆಂದು ಮದರಾಸಿನ ಐ.ಐ.ಟಿ.ಯ ವಿಜ್ಞಾನಿಗಳು ರೂಪಿಸಿ ೨೦೨೨ರಲ್ಲಿ ಬಿಡುಗಡೆ ಮಾಡಿದ ‘ಕದಮ್’ ಎಂಬ ಕೃತಕ ಮೊಣಕಾಲಿನ ಹಿಂದೆ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯ ಕೈಯೂ ಇದೆ. ಮೊಣಕಾಲಿನ ಕೀಲು ಒಂದೇ ಅಚ್ಚಿನ ಮೇಲೆ ತಿರುಗದೆ ಹಲವು ಅಚ್ಚುಗಳ ಮೇಲೆ ತಿರುಗುವುದರಿಂದ ತೊಟ್ಟವನು ಎಡವಿ ಬೀಳುವ ಭಯ ತಗ್ಗುತ್ತದೆ, ಬಸ್ಸಿನ ಮೆಟ್ಟಿಲು ಹತ್ತುವುದು ಸುಲಭವಾಗುತ್ತದೆ.

ಗಾಲಿಕುರ್ಚಿಯಿಂದ ಎದ್ದ ವಿಭಾಗ

ವಸ್ತುವಿಗಿಂತ ಮನುಷ್ಯರ ಮೇಲೆ ಹಾಕಿದ ಹಣ ಇನ್ನೂ ದೂರ ಹೋಗುತ್ತದೆ ಎಂಬುದಕ್ಕೆ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಸಾಕ್ಷಿ. ಕೊಚ್ಚಿಯ ಕಡೆಯ ಈ ತರುಣ ವೈದ್ಯೆ ೧೯೫೪ರ ಜನವರಿ ೩೦ರಂದು ಗೆಳೆಯರೊಡನೆ ಪ್ರಯಾಣ ಹೊರಟಿದ್ದಾಗ ವಾಹನ ಉರುಳಿತು. ಬೆನ್ನುಹುರಿಗೆ ಪೆಟ್ಟು, ಸೊಂಟದಿಂದ ಕೆಳಗೆ ದೇಹ ಸತ್ತಂತಾಯಿತು. ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಕುಷ್ಠರೋಗಿಗಳ ಮಡಚಿಹೋದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ಬಿಡಿಸುವ ಶಸ್ತ್ರಕ್ರಿಯೆಗೆ ಹೆಸರಾಗಿದ್ದ ಡಾ. ಪಾಲ್ ಬ್ರಾಂಡ್ ಅವರ ಬಳಿ ಆಕೆ ಗಾಲಿಕುರ್ಚಿಯಲ್ಲಿಯೇ ಕುಳಿತು ಶಸ್ತ್ರ ಹಿಡಿಯುವುದನ್ನು ಕಲಿತರು. ರೋಗಿಗಳು ತಮ್ಮ ವೈದ್ಯೆಯ ಕುರ್ಚಿಯನ್ನು ನೋಡಿದರು. ಆ ನೋಟವೇ ಅರ್ಧ ಚಿಕಿತ್ಸೆಯಾಗಿರಬೇಕು.

ಆದರೆ ಭಾರತದಲ್ಲಿ ಪುನರ್ವಸತಿ ವೈದ್ಯವನ್ನು ಕಲಿಸುವವರು ಆಗ ಎಲ್ಲಿದ್ದರು? ಆಕೆ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ತನ್ನ ದೇಹವನ್ನು ತಾನೇ ನಿಭಾಯಿಸುವುದನ್ನು ಕಲಿತರು. ಅನಂತರ ವರ್ಲ್ಡ್ ರಿಹ್ಯಾಬಿಲಿಟೇಷನ್ ಫಂಡ್ ಎಂಬ ಸಂಸ್ಥೆಯ ಶಿಷ್ಯವೇತನ ದೊರೆತು, ನ್ಯೂಯಾರ್ಕಿನಲ್ಲಿ ಡಾ. ಹೊವರ್ಡ್ ರಸ್ಕ್ ಅವರ ಕೇಂದ್ರದಲ್ಲಿ ತರಬೇತಿ ಪಡೆದರು. ಮರಳಿ ಬಂದು ವೆಲ್ಲೂರಿನ ಪುನರ್ವಸತಿ ವೈದ್ಯ ವಿಭಾಗದ ಮುಖ್ಯಸ್ಥೆಯಾದರು. ೧೯೬೬ರಲ್ಲಿ ಒಳರೋಗಿಗಳನ್ನು ಇರಿಸಿಕೊಳ್ಳುವ ಪುನರ್ವಸತಿ ಕೇಂದ್ರವೂ ತೆರೆಯಿತು. ೧೯೭೨ರಲ್ಲಿ ಪದ್ಮಶ್ರೀ. ಒಬ್ಬ ತರುಣಿಗೆ, ಆಕೆ ಇನ್ನೂ ಯಾರೂ ಅಲ್ಲದಿದ್ದ ಹೊತ್ತಿನಲ್ಲಿ, ಕೊಟ್ಟ ಒಂದು ಶಿಷ್ಯವೇತನ! ಅದೇ ಹಣವನ್ನು ಹಿರಿಯ ಪ್ರಾಧ್ಯಾಪಕರೊಬ್ಬರ ಹತ್ತನೆಯ ಯೋಜನೆಗೆ ಸೇರಿಸಿದ್ದರೆ ಹನ್ನೊಂದನೆಯ ವರದಿಯೊಂದು ಬರುತ್ತಿತ್ತೇನೋ.

ಕಿರು ಅನುದಾನವೆಂದರೇನು?

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೊಳಗೆ ಪುನರ್ವಸತಿ ವೈದ್ಯದ ಸಂಶೋಧನೆಗೆಂದೇ ಒಂದು ಕೇಂದ್ರ ಏರ್ಪಟ್ಟಿದ್ದು ೧೯೯೦ರಲ್ಲಿ. ಮಕ್ಕಳ ಆರೋಗ್ಯ ಹಾಗೂ ಮಾನವ ಬೆಳವಣಿಗೆಯ ಶಾಖೆಯ ಆಶ್ರಯದಲ್ಲಿ ಅದು ನೆಲೆಗೊಂಡಿತು. ಆ ದೇಶದಲ್ಲಿ ಬಹುಕಾಲದಿಂದ ನಡೆದು ಬಂದ ‘ಆರ್-೦೩’ ಎಂಬ ಕಿರು ಅನುದಾನದ ಕ್ರಮ ಹೀಗೆ: ವರ್ಷಕ್ಕೆ ೫೦ ಸಾವಿರ ಡಾಲರಿನ ಮಿತಿ, ಎರಡು ವರ್ಷದ ಅವಧಿ, ಮುಗಿದ ಮೇಲೆ ನವೀಕರಣವಿಲ್ಲ. ಆ ದೇಶದ ಲೆಕ್ಕಕ್ಕೆ ಅದು ಪುಡಿಗಾಸು. ಹೊಸ ಅಳತೆಗೋಲೊಂದು ಸರಿಯಾಗಿ ಅಳೆಯುತ್ತದೆಯೇ, ಹೊಸ ಅಂಗಸಾಧನೆಯೊಂದನ್ನು ರೋಗಿಗಳು ಮನೆಯಲ್ಲಿ ಮಾಡುತ್ತಾರೆಯೇ ಎಂಬಂತಹ ಚಿಕ್ಕ ಪ್ರಶ್ನೆಗೆ ಉತ್ತರ ಹುಡುಕುವುದಷ್ಟೇ ಅದರ ಕೆಲಸ. ಉತ್ತರ ‘ಇಲ್ಲ’ ಎಂದು ಬಂದರೂ ನಷ್ಟವಿಲ್ಲ. ಚಿಕ್ಕ ಹಣದಲ್ಲಿ ದೊಡ್ಡ ತಪ್ಪು ತಪ್ಪಿತು. ‘ಹೌದು’ ಎಂದಾದರೆ ಆ ಅಂಕಿಗಳನ್ನು ಹಿಡಿದು ದೊಡ್ಡ ಅನುದಾನದ ಬಾಗಿಲು ತಟ್ಟಬಹುದು. ಮೇಲಾಗಿ, ಅದುವರೆಗೆ ಗುರುಗಳ ಹೆಸರಿನ ಹಿಂದೆ ಬರುತ್ತಿದ್ದ ತರುಣನ ಹೆಸರು ಮೊದಲ ಬಾರಿ ಮುಂದೆ ಬರುತ್ತದೆ.

ಚಿಕ್ಕ ಪರೀಕ್ಷೆಯೊಂದು ದೊಡ್ಡದಕ್ಕೆ ಮೆಟ್ಟಿಲಾಗುವ ಬಗೆಯನ್ನು ಭಾರತದಲ್ಲಿಯೇ ಕಾಣಬಹುದು. ಲಕ್ವ ಹೊಡೆದವರಿಗೆ ಆಸ್ಪತ್ರೆಯ ಅಂಗಸಾಧನೆ ದೊರೆಯದಿದ್ದರೆ ಮನೆಯವರಿಗೇ ಅದನ್ನು ಕಲಿಸಿ ಕಳುಹಿಸಿದರಾಗದೇ? ಯಾರಿಗಾದರೂ ಹೊಳೆಯುವ ಒಳ್ಳೆಯ ಉಪಾಯ. ಲೂಧಿಯಾನದಲ್ಲಿ ಮೊದಲು ಸಣ್ಣದಾಗಿ ಪರೀಕ್ಷಿಸಿದರು. ನಡೆಸಲು ಸಾಧ್ಯವೆಂದು ಕಂಡಿತು. ಅನಂತರ ದೇಶದ ೧೪ ಆಸ್ಪತ್ರೆಗಳ ೧,೨೫೦ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ೨೦೧೭ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಸಿತು: ಆರು ತಿಂಗಳ ತರುವಾಯ ನೋಡಿದರೆ, ಮನೆಯವರಿಗೆ ಕಲಿಸಿದ ಗುಂಪಿಗೂ ಕಲಿಸದ ಗುಂಪಿಗೂ ಸಾವಿನಲ್ಲಾಗಲಿ ಪರಾವಲಂಬನೆಯಲ್ಲಾಗಲಿ ವ್ಯತ್ಯಾಸವೇ ಇರಲಿಲ್ಲ! ಮನೆಯವರ ಪ್ರೀತಿಗೆ ಕೊರತೆಯಿತ್ತೆಂದಲ್ಲ. ಪ್ರೀತಿಯೊಂದೇ ತಜ್ಞರ ಕೈಗೆ ಬದಲಿಯಾಗಲಾರದೆಂದು ಮಾತ್ರ ತಿಳಿಯಿತು. ಪರೀಕ್ಷಿಸದೆ ಅದನ್ನೇ ಸರ್ಕಾರದ ಯೋಜನೆಯನ್ನಾಗಿ ಮಾಡಿದ್ದರೆ ಸಾವಿರಾರು ಸೊಸೆಯಂದಿರ, ಹೆಂಡಂದಿರ ಹೆಗಲ ಮೇಲೆ ಇನ್ನೊಂದು ಹೊರೆ ಬೀಳುತ್ತಿತ್ತು. ರೋಗಿ ಏಳದಿದ್ದರೆ ದೂರೂ ಅವರ ಮೇಲೆಯೇ ಬರುತ್ತಿತ್ತು.

ಹಳ್ಳಿಗಳಲ್ಲಿ ಇಂಥ ಶಿಸ್ತಿನ ಸಂಶೋಧನೆ ನಡೆಯುವುದುಂಟೇ ಎಂಬ ಸಂಶಯಕ್ಕೆ ಉತ್ತರ ಹಳಿಯಾಳಕ್ಕೆ ಮಗ್ಗುಲಿನ ಬೆಳಗಾವಿ ಜಿಲ್ಲೆಯಲ್ಲಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಹೋದ್ಯೋಗಿಗಳೊಡನೆ, ಮೇಲೆ ಹೇಳಿದ ಮಕ್ಕಳ ಆರೋಗ್ಯ ಶಾಖೆಯ ನೆರವಿನಿಂದಲೇ, ೨೦೦೨ರಿಂದ ೨೦೦೫ರ ವರೆಗೆ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ವಿಷಯ ಪುನರ್ವಸತಿಯದಲ್ಲ, ಹೆರಿಗೆಯ ಅನಂತರದ ರಕ್ತಸ್ರಾವದ್ದು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಕೊಟ್ಟವರು ದೊಡ್ಡ ಡಾಕ್ಟರರಲ್ಲ, ಹಳ್ಳಿಯ ದಾದಿಯರು. ೧,೬೨೦ ಬಾಣಂತಿಯರಲ್ಲಿ ಗುಳಿಗೆ ಪಡೆಯದವರ ಪೈಕಿ ನೂರಕ್ಕೆ ೧೨ ಮಂದಿಗೆ ಅತಿಸ್ರಾವವಾದರೆ, ಪಡೆದವರಲ್ಲಿ ಅದು ೬.೪ಕ್ಕೆ ಇಳಿಯಿತು. ಫಲಿತಾಂಶ ೨೦೦೬ರಲ್ಲಿ ಪ್ರಕಟವಾಗಿ ಜಗತ್ತೆಲ್ಲ ಓದಿತು. ಬೆಳಗಾವಿಯ ದಾದಿ ಮಾಡಬಲ್ಲ ಕೆಲಸವನ್ನು ಹಳಿಯಾಳದ ದಾದಿ, ಜೋಯಿಡಾದ ಆಶಾ ಕಾರ್ಯಕರ್ತೆ ಮಾಡಲಾರರೆಂದು ಹೇಳುವವರು ಯಾರು?

ಹಣದ ಬಾಗಿಲುಗಳು

ಭಾರತದಲ್ಲಿ ತರುಣರಿಗೆ ಹಣವೇ ಇಲ್ಲವೆಂದರೆ ಅದು ಅನ್ಯಾಯದ ಮಾತಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೧೯೭೯ರಿಂದ ವೈದ್ಯ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಕಿರುಸಂಶೋಧನೆಗೆ ವೇತನ ಕೊಡುತ್ತ ಬಂದಿದೆ. ಹಲವು ವರ್ಷ ಆ ಮೊತ್ತ ೨೦ ಸಾವಿರ ರೂಪಾಯಿಯಿತ್ತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಿಂದ, ೧೯೭೭ರಷ್ಟು ಹಿಂದೆಯೇ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಯೋಜನೆಗಳಿಗೆ ಕೆಲವು ಸಾವಿರ ರೂಪಾಯಿಗಳ ನೆರವು ಕೊಡಲಾರಂಭಿಸಿತು. ಹಳಿಯಾಳದಲ್ಲಿಯೇ ಎಂಜಿನಿಯರಿಂಗ್ ಕಾಲೇಜಿರುವುದರಿಂದ ಈ ಬಾಗಿಲು ಈ ಸೀಮೆಯ ಹುಡುಗರಿಗೂ ತೆರೆದಿದೆ. ತರುಣ ವಿಜ್ಞಾನಿಗಳಿಗೆ ಬೀಜಧನ ಕೊಡುವ ಯೋಜನೆಯನ್ನು ರಾಜ್ಯದ ವಿಜ್ಞಾನ ತಂತ್ರಜ್ಞಾನ ದರ್ಶನ ಸಮಿತಿಯೂ ನಡೆಸಿತು. ಅಂಗವಿಕಲರಿಗೂ ವೃದ್ಧರಿಗೂ ನೆರವಾಗುವ ಸಾಧನಗಳಿಗೆಂದೇ ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆಯ ಒಂದು ಕಾರ್ಯಕ್ರಮವುಂಟು. ಇನ್ನು ೨೦೨೩ರ ಕಾಯಿದೆಯಂತೆ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ವೃತ್ತಿಯ ಮೊದಲ ಮೆಟ್ಟಿಲಿನಲ್ಲಿರುವ ವಿಜ್ಞಾನಿಗಳಿಗೆ ಮೂರು ವರ್ಷಕ್ಕೆ ೬೦ ಲಕ್ಷ ರೂಪಾಯಿಯ ವರೆಗಿನ ಅನುದಾನವನ್ನು ಸಾರಿತು.

ಇಲ್ಲಿಯೇ ಒಂದು ತಮಾಷೆಯಿದೆ. ವೈದ್ಯಕೀಯ ಪರಿಷತ್ತು ಹೊರಗಿನವರಿಗೆ ಕೊಡುವ ಅನುದಾನಗಳನ್ನು ಇತ್ತೀಚೆಗೆ ವರ್ಗೀಕರಿಸಿದಾಗ ‘ಸಣ್ಣ’ ಎಂದು ಕರೆದದ್ದು ಎರಡು ಕೋಟಿ ರೂಪಾಯಿಯ ವರೆಗಿನದನ್ನು! ದೊಡ್ಡ ಪ್ರಯೋಗಶಾಲೆಗಳ ದೃಷ್ಟಿಯಿಂದ ಅದು ಸರಿಯೂ ಇರಬಹುದು. ಆದರೆ ಹುಬ್ಬಳ್ಳಿಯ ಫಿಜಿಯೋಥೆರಪಿ ವಿಭಾಗದಲ್ಲಿ ದುಡಿಯುವ ತರುಣಿಯೊಬ್ಬಳಿಗೆ, ಜೋಯಿಡಾದ ನಲವತ್ತು ಮನೆಗಳಿಗೆ ಒಂದು ಮಳೆಗಾಲ ಪೂರ್ತಿ ಹೋಗಿಬರಲು ಬೇಕಾದುದು ಎರಡು ಲಕ್ಷವಿದ್ದೀತು. ವಿದ್ಯಾರ್ಥಿಯ ೨೦ ಸಾವಿರಕ್ಕೂ ವಿಜ್ಞಾನಿಯ ೬೦ ಲಕ್ಷಕ್ಕೂ ನಡುವಿನ ಜಾಗ ಬಲು ಅಗಲ. ಪುನರ್ವಸತಿಯ ಹೆಚ್ಚಿನ ಪ್ರಶ್ನೆಗಳು ಆ ಜಾಗದಲ್ಲಿಯೇ ಬೀಡುಬಿಟ್ಟಿವೆ. ಆಕೆ ವಿದ್ಯಾರ್ಥಿನಿಯಲ್ಲ, ಪಿಎಚ್.ಡಿ. ಇಲ್ಲದಿದ್ದರೆ ದೊಡ್ಡ ಪಟ್ಟಿಗಳಲ್ಲಿ ವಿಜ್ಞಾನಿಯೂ ಅಲ್ಲ. ರೋಗಿಯ ಕಾಲನ್ನು ದಿನವೂ ಮುಟ್ಟಿ ನೋಡುವ ಕೈ ಮಾತ್ರ ಆಕೆಯದು.

ಕಿರು ಅನುದಾನಗಳಿಗೆ ದೋಷವಿಲ್ಲವೆಂದೇನೂ ಅಲ್ಲ. ಹತ್ತು ಹದಿನೈದು ರೋಗಿಗಳನ್ನು ನೋಡಿ ಬರೆದ ಪ್ರಬಂಧಗಳು ಕಾಲೇಜುಗಳ ಕಪಾಟಿನಲ್ಲಿ ಧೂಳು ಹಿಡಿಯುತ್ತಿರುವುದು ಎಲ್ಲರೂ ಬಲ್ಲ ವಿಷಯ. ಕಿರು ಹಣಕ್ಕೆ ಕಾಗದಪತ್ರವೇನೂ ಕಿರಿದಾಗುವುದಿಲ್ಲ: ನೀತಿ ಸಮಿತಿಯ ಒಪ್ಪಿಗೆ, ಮೂರು ಕೊಟೇಷನ್ನು, ಹಣ ಬಳಸಿದ ಪ್ರಮಾಣಪತ್ರ. ಮಂಜೂರಾದ ಹಣ ಮಾರ್ಚಿಯಲ್ಲಿ ಬಂದು ಮಾರ್ಚಿಯಲ್ಲಿಯೇ ಮುಗಿಯಬೇಕೆಂದರೆ ಸಂಶೋಧಕಿ ಮಳೆಗಾಲವನ್ನು ಮಾರ್ಚಿಗೆ ಕರೆತರಬೇಕಾದೀತು! ಎರಡು ಲಕ್ಷದ ಅನುದಾನಕ್ಕೆ ಎರಡು ಕೋಟಿಯ ಅರ್ಜಿ ನಮೂನೆಯನ್ನೇ ಇರಿಸುವುದು ಬುದ್ಧಿವಂತಿಕೆಯಲ್ಲ.

ಇನ್ನೊಂದು ಎಚ್ಚರವನ್ನು ಮಲೆನಾಡೇ ಕಲಿಸಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ೧೯೭೦ರ ದಶಕದ ನಡುವಿನಲ್ಲಿ ಒಂದು ವಿಚಿತ್ರವಾದ ಕೀಲುರೋಗ ಬೆಳಕಿಗೆ ಬಂದಿತು. ಸೊಂಟ, ಮಂಡಿಗಳ ಕೀಲು ಸವೆದು ಬಡ ಚಲವಾದಿ, ಚನ್ನಂಗಿ ಕುಟುಂಬಗಳ ದುಡಿಯುವ ಮಂದಿ ನಡು ಬಾಗಿ, ಕೆಲವರು ತೆವಳುವ ಸ್ಥಿತಿಗೆ ಬಂದರು. ರಾಷ್ಟ್ರದ ಹೆಸರಾಂತ ಸಂಸ್ಥೆಗಳ ತಂಡಗಳು ಬಂದು ರಕ್ತ ತೆಗೆದುಕೊಂಡು ಹೋದವು, ಎಕ್ಸ್‌ರೇ ಹಿಡಿದವು. ವಂಶಪಾರಂಪರ್ಯವಾಗಿ ಇಳಿಯುವ ದೋಷವೆಂದು ಗೊತ್ತಾಯಿತು. ಕಾರಣ ಹುಡುಕುವುದು ವಿಜ್ಞಾನದ ಧರ್ಮ, ಸರಿ. ಆದರೆ ತೆವಳುವವನಿಗೆ ತನ್ನ ವಂಶವಾಹಿಯ ಹೆಸರಿಗಿಂತ ಮೊದಲು ಬೇಕಾದುದು ಅಂಗಳದಿಂದ ಬಾವಿಯ ವರೆಗೆ ಹೋಗುವ ಉಪಾಯ. ಆ ಉಪಾಯವನ್ನು ಹುಡುಕುವುದೂ ವಿಜ್ಞಾನವೇ ಎಂದು ಒಪ್ಪಿಕೊಂಡ ಶಾಖೆಯ ಹೆಸರೇ ಪುನರ್ವಸತಿ ವೈದ್ಯ.

ಮಳೆಗಾಲದ ಒಂದು ಅರ್ಜಿ

ಹಾಗಾದರೆ ಈ ನಾಲ್ಕು ತಾಲ್ಲೂಕುಗಳಿಗೆ ತಕ್ಕ ಅರ್ಜಿಯೊಂದು ಹೇಗಿರಬಹುದು? ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಕೃತಕ ಕಾಲು ಪಡೆದವರನ್ನು ಮೇ ತಿಂಗಳಲ್ಲಿ ಒಮ್ಮೆ ಕಾಣುವುದು. ಜೂನಿನಿಂದ ಸೆಪ್ಟೆಂಬರಿನ ವರೆಗೆ ತಿಂಗಳಿಗೊಮ್ಮೆ ಮನೆಗೆ ಹೋಗುವುದು. ದಿನಕ್ಕೆ ಎಷ್ಟು ಹೊತ್ತು ತೊಟ್ಟರು, ಎಲ್ಲಿ ಜಾರಿದರು, ಚರ್ಮ ಎಲ್ಲಿ ಒಡೆಯಿತು, ರಬ್ಬರು ಎಲ್ಲಿ ಸವೆಯಿತು ಎಂದು ಬರೆದುಕೊಳ್ಳುವುದು. ರಿಪೇರಿಗೆ ಹೋದ ದಾರಿಯ ಮೈಲಿ, ಬಿಟ್ಟ ಕೂಲಿ, ಕೊಟ್ಟ ಬಸ್ ಚಾರ್ಜು, ಇವೂ ಅಂಕಿಗಳೇ. ಅರ್ಧ ಜನರಿಗೆ ಒಂದು ರಿಪೇರಿ ಚೀಲವನ್ನು, ಅಂದರೆ ಪಟ್ಟಿ, ತಿರುಪು, ಒಣ ಕಾಲುಚೀಲಗಳನ್ನು, ಪಂಚಾಯತಿಯಲ್ಲಿಯೇ ಇರಿಸಿ ಕೊಟ್ಟು ನೋಡುವುದು. ಉಳಿದರ್ಧ ಜನ ಎಂದಿನಂತೆ ಹುಬ್ಬಳ್ಳಿಯ ದಾರಿ ಹಿಡಿಯುವುದು. ಸೆಪ್ಟೆಂಬರಿನಲ್ಲಿ ಯಾರ ಕಾಲು ಅಟ್ಟದ ಮೇಲಿದೆ, ಯಾರದು ನೆಲದ ಮೇಲಿದೆ ಎಂದು ಎಣಿಸಿದರೆ ಉತ್ತರ ಕೈಗೆ ಬಂದಂತೆ. ಹಳಿಯಾಳಕ್ಕೆ ಕಬ್ಬಿನ ಹಂಗಾಮಿನ ಕೈಗಾಯಗಳ ಪ್ರಶ್ನೆ ಬೇರೆ, ದಾಂಡೇಲಿಗೆ ಯಂತ್ರದ ಸದ್ದಿನ ನಡುವೆ ದುಡಿದವರ ಕಿವಿಯ ಪ್ರಶ್ನೆ ಬೇರೆ, ಮುಂಡಗೋಡಕ್ಕೆ ವೃದ್ಧರಾಗುತ್ತಿರುವ ಟಿಬೆಟಿನವರ ಮಂಡಿಯ ಪ್ರಶ್ನೆ ಬೇರೆ. ಕನ್ನಡ, ಕೊಂಕಣಿ, ಮರಾಠಿ, ಟಿಬೆಟನ್ ನಾಲ್ಕೂ ಕಿವಿಗೆ ಬೀಳುವ ಸೀಮೆಯಲ್ಲಿ ಮಾತು ಕಳೆದುಕೊಂಡ ಲಕ್ವದ ರೋಗಿಗೆ ಯಾವ ಭಾಷೆಯಲ್ಲಿ ಮಾತು ಮರಳಿಸಬೇಕು ಎಂಬುದಂತೂ ಮೈಸೂರ ವಾಕ್ ಶ್ರವಣ ಸಂಸ್ಥೆಯ ತರುಣರಿಗೆ ಹಬ್ಬದೂಟದಂತಹ ಪ್ರಶ್ನೆ.

ಕೆಲಸಕ್ಕೆ ಜನವನ್ನು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಕರ್ನಾಟಕ ಸರ್ಕಾರದ ಯೋಜನೆಯೊಂದರಂತೆ ಗ್ರಾಮ ಪಂಚಾಯತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ ಇರುತ್ತಾರೆ. ಗೌರವಧನದ ಮೇಲೆ ದುಡಿಯುವ ಇವರು ತಾವೂ ಅಂಗವಿಕಲರೇ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಪಿಂಚಣಿ ನಿಂತಿದೆ, ಯಾರ ಗಾಲಿಕುರ್ಚಿಯ ಗಾಲಿ ಮುರಿದಿದೆ ಎಂಬುದು ಅವರಿಗೆ ಬಾಯಿಪಾಠ. ಪಿಂಚಣಿಯ ಅರ್ಜಿ, ಗುರುತಿನ ಚೀಟಿಯ ನಮೂನೆಗಳನ್ನು ಹೊತ್ತು ಅವರು ಹೇಗೂ ಆ ಮನೆಗಳ ಮೆಟ್ಟಿಲು ಹತ್ತುತ್ತಾರೆ. ಅದೇ ಚೀಲದಲ್ಲಿ ಇನ್ನೊಂದು ಹಾಳೆಗೆ ಜಾಗವುಂಟು. ಅದರ ಮೇಲೆ ಬರೆಯಬೇಕಾದ ಮೊದಲ ಸಾಲು, ‘ಕಾಲು ಈಗ ಎಲ್ಲಿದೆ?’